ಕೇಳಿ ಹೋದ ಗಿರಾಕಿಯೂ ನಮ್ಮ ಬೆಳೆಯೇ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಕಾಕತಿಯಲ್ಲಿ ಏರ್ಪಡಿಸಿದ್ದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ವೀರರಾಣಿ ಚೆನ್ನಮ್ಮ ಹುಟ್ಟಿದ ಈ ಪುಣ್ಯಭೂಮಿಯಲ್ಲಿ ನಮ್ಮ ಸಂಘ ಇಂದು ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಅಭಿಮಾನದ ಸಂಗತಿ. ನನಗೆ ಕೊಟ್ಟ ವಿಷಯ "ಗ್ರಾಹಕರ ಅರಿವು ಹಾಗೂ ಯಂತ್ರದ ಸಹಾಯದಿಂದ ಮಾರಾಟ" ಅಂತ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದ ಒಕ್ಕಲಿಗ. ದೊಡ್ಡ ಶಾಸ್ತ್ರ ಹೇಳೂದು ನನ್ನಿಂದ ಆಗೂದಿಲ್ಲ. ಆದರೆ ಹೊಲದಾಗ ಬೆಳೆಯುವವರು ನಾವು, ಪ್ಯಾಟ್ಯಾಗ ಮಾರುವವರೂ ನಾವೇ. ಆ ಎರಡು ಅನುಭವ ಇಟ್ಟುಕೊಂಡು ನಾಲ್ಕು ಮಾತು ಹೇಳುತ್ತೇನೆ.

ಸಹಕಾರ ಅನ್ನುವುದು ನಮ್ಮ ನಾಡಿಗೆ ಹೊಸದಲ್ಲ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷ 1905ರಲ್ಲಿಯೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಎಂದು ಪ್ರಸಿದ್ಧವಾಗಿದೆ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕು ಅನ್ನೂದು ಅಂದಿನ ಉದ್ದೇಶ. ಅಲ್ಲಿಂದ ಇಲ್ಲಿಯ ತನಕ ಸಹಕಾರಿ ಸಂಘ ಅಂದ ಕೂಡಲೇ ನಮ್ಮ ಮಂದಿಗೆ ನೆನಪಾಗೂದು ಸಾಲ, ಗೊಬ್ಬರ, ಬೀಜ. ಇವು ಮೂರೂ ಬೇಕು, ಇಲ್ಲ ಅನ್ನೂದಿಲ್ಲ. ಆದರೆ ಇವು ಮೂರೂ ಬೆಳೆ ಬರುವ ಮೊದಲಿನ ಮಾತು. ಬೆಳೆ ಬಂದ ಮ್ಯಾಲೆ ಏನು? ಸಾಲ ಕೊಟ್ಟು ಬೆಳೆಸಿದ ಬೆಳೆಗೆ ಬೆಲೆ ಸಿಗದಿದ್ದರೆ ಆ ಸಾಲ ತೀರುವುದು ಹ್ಯಾಂಗ? ಆದ್ದರಿಂದ ಮಾರಾಟದ ವಿಷಯ ಸಾಲ ವಸೂಲಿಯ ವಿಷಯವೇ ಆಗಿದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ನಮ್ಮ ಊರಿನ ನೆಲೆ ನೋಡ್ರಿ. ಪುಣೆ-ಬೆಂಗಳೂರು ಹೆದ್ದಾರಿ ನಮ್ಮ ಬಾಗಿಲ ಮುಂದೇ ಹಾದು ಹೋಗುತ್ತದೆ. ಬೆಳಗಾವಿ ಶಹರ ಕೂಗಳತೆಯಲ್ಲಿದೆ. ಹೊನಗಾ ಕೈಗಾರಿಕಾ ಪ್ರದೇಶ ನಮ್ಮ ಪಕ್ಕದಲ್ಲಿಯೇ ಇದೆ. ಚೋರ್ಲಾ ಘಾಟ ಇಳಿದರೆ ಗೋವಾ, ಖಾನಾಪುರ ದಾಟಿ ಅನಮೋಡ ಘಾಟ ಇಳಿದರೂ ಗೋವಾ. ಆ ರಾಜ್ಯದ ಅಡಿಗೆಮನೆಗೆ ಹೋಗುವ ಕಾಯಿಪಲ್ಲೆಯ ಬಹುಭಾಗ ಬೆಳಗಾವಿ ಕಡೆಯಿಂದಲೇ ಹೋಗುತ್ತದೆ. ಗೋವಾ ಸರಕಾರದ ತೋಟಗಾರಿಕೆ ನಿಗಮ ತನ್ನ ಮಾರಾಟ ಮಳಿಗೆಗಳಿಗೆ ತರಿಸುವುದೂ ಹೆಚ್ಚಾಗಿ ನಮ್ಮ ಭಾಗದ ಮಾಲನ್ನೇ. ನಮ್ಮ ಗೆಣಸು ಉತ್ತರ ಹಿಂದೂಸ್ತಾನದ ತನಕ ಹೋಗುತ್ತದೆ. ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಎಷ್ಟು ರೈತರಿಗೆ ತಮ್ಮ ಮಾಲು ಕೊನೆಗೆ ಯಾರ ಮನೆಯ ಒಲೆ ಮ್ಯಾಲೆ ಬೇಯುತ್ತದೆ ಅನ್ನೂದು ಗೊತ್ತಿದೆ? ಚೀಲ ಅಡತಿಗೆ ಒಯ್ದು ಇಳಿಸುತ್ತೇವೆ, ಪಟ್ಟಿ ತಗೊಂಡು ಬರುತ್ತೇವೆ. ಅಡತಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರದೂ ಒಂದು ಉದ್ಯೋಗ. ಆದರೆ ಉಣ್ಣುವವನ ಪರಿಚಯ ಅವರ ಹತ್ತಿರ ಇದೆ, ನಮ್ಮ ಹತ್ತಿರ ಇಲ್ಲ. ಪರಿಚಯ ಯಾರ ಕೈಯಾಗ ಇರತದೋ ದರ ಕಟ್ಟುವ ಶಕ್ತಿಯೂ ಅವರ ಕೈಯಾಗೇ ಇರತದ.

ಈಗ ವಿಷಯಕ್ಕೆ ಬರುತ್ತೇನೆ. ವ್ಯಾಪಾರದ ಕಂಪನಿಗಳಲ್ಲಿ 'ಲೀಡ್' ಅಂತ ಒಂದು ಮಾತು ಬಳಕೆಯಲ್ಲಿದೆ. ನಮ್ಮ ಭಾಷೆಯಲ್ಲಿ ಅವನನ್ನು ಕೇಳಿ ಹೋದ ಗಿರಾಕಿ ಅನ್ನೋಣ. ಇನ್ನೂ ಕೊಂಡಿಲ್ಲ, ಆದರೆ ಮನಸ್ಸು ಇದೆ. ಸಂಘದ ಮುಂದೆ ಗಾಡಿ ನಿಲ್ಲಿಸಿ "ಹೊಸ ಅಕ್ಕಿ ಯಾವಾಗ ಬರತದ?" ಎಂದು ಕೇಳಿ ಹೋದ ಶಹರದ ಮನುಷ್ಯ, "ವಾರಕ್ಕೊಮ್ಮೆ ಕಾಯಿಪಲ್ಲೆ ಕಳಿಸ್ತೀರೇನು?" ಎಂದು ಫೋನ್ ಮಾಡಿದ ಖಾನಾವಳಿಯವನು, ಮದುವೆಗೆ ಅಂತ ದರ ವಿಚಾರಿಸಿದ ಬೀಗರು, ಇವರೆಲ್ಲರೂ ಕೇಳಿ ಹೋದ ಗಿರಾಕಿಗಳೇ. ನಾವು ಉತ್ತರ ಹೇಳಿ ಕಳಿಸುತ್ತೇವೆ, ಅಲ್ಲಿಗೆ ಆ ಮಾತು ಮುಗಿಯಿತು. ಅಕ್ಕಿ ಬಂದ ದಿನ ಅವರಿಗೆ ಹೇಳುವವರು ಯಾರು?

ಒಂದು ಲೆಕ್ಕ ತಿಳಿಯೋಣ. ಒಂದು ಸುಗ್ಗಿಯಲ್ಲಿ 100 ಮಂದಿ ಕೇಳಿದರು ಅನ್ನಿ. 10 ಮಂದಿ ಆಗಲೇ ಕೊಂಡರು. ಉಳಿದ 90 ಮಂದಿಯನ್ನು ನಾವು ಮರೆತೆವು. ಆ 90ರೊಳಗೆ ಬೇಡ ಅಂದವರು ಕೆಲವರು ಇರಬಹುದು. ಆದರೆ ಪಗಾರ ಆಗಲಿ ಅಂತ ಕಾಯುವವರು, ಮನೆಯಾಗ ಕೇಳಿ ಹೇಳತೀನಿ ಅಂದವರು, ಮನೆಯ ಅಕ್ಕಿ ತೀರಲಿ ಅಂತ ತಡೆದವರು ಬಹಳ ಮಂದಿ. ಅವರಲ್ಲಿ ಇನ್ನೂ 10 ಮಂದಿ ಬಂದರೆ ಗಿರಾಕಿ ಎರಡರಷ್ಟಾಯಿತು. ಒಂದು ಗುಂಟೆ ಹೆಚ್ಚು ಉಳಲಿಲ್ಲ, ಒಂದು ಚೀಲ ಗೊಬ್ಬರ ಹೆಚ್ಚು ಹಾಕಲಿಲ್ಲ.

ಮೆಣಸಿನಕಾಯಿ ಬೆಳೆಯುವವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಬೀಜ ಹಾಕಿದ ಮರುದಿವಸ ಯಾರೂ ಕಾಯಿ ಹರಿಯಲು ಹೋಗೂದಿಲ್ಲ. ಮೊದಲು ಮಡಿಯಲ್ಲಿ ಸಸಿ, ಐದಾರು ವಾರ ಆರೈಕೆ, ಆಮೇಲೆ ನಾಟಿ, ಆಮೇಲೆ ನೀರು. ಸಸಿಗೆ ದಿನಾ ಬಿಂದಿಗೆಗಟ್ಟಲೆ ನೀರು ಸುರಿದರೆ ಕೊಳೆಯುತ್ತದೆ, ಪೂರ್ತಿ ಮರೆತರೆ ಒಣಗುತ್ತದೆ. ಗಿರಾಕಿಯ ಆರೈಕೆಯೂ ಅಷ್ಟೇ. ದಿನಾ ಫೋನ್ ಮಾಡಿದರೆ ಓಡಿ ಹೋಗುತ್ತಾನೆ, ವರ್ಷಗಟ್ಟಲೆ ಮಾತಾಡಿಸದಿದ್ದರೆ ಬೇರೆ ಅಂಗಡಿ ಹಿಡಿಯುತ್ತಾನೆ.

ಇನ್ನು ಗಿರಾಕಿಯನ್ನು ಅರಿಯುವುದು ಅಂದರೇನು? ಅಕ್ಕಿಯದೇ ಉದಾಹರಣೆ ತಗೊಳ್ರಿ. ಹೊಸ ಅಕ್ಕಿ ಅನ್ನ ಮಾಡಿದರೆ ಮೆತ್ತಗೆ, ಅಂಟಂಟು. ಹಳೆ ಅಕ್ಕಿ ಉದುರುದುರು, ಒದಗುವುದೂ ಹೆಚ್ಚು. ಹೋಟೆಲಿನವನಿಗೆ ಹಳೆ ಅಕ್ಕಿಯೇ ಬೇಕು. ಸಣ್ಣ ಮಕ್ಕಳು, ಹಲ್ಲಿಲ್ಲದ ಮುದುಕರು ಇರುವ ಮನೆಗೆ ಮೆತ್ತನೆಯ ಅನ್ನವೇ ಹಿತ. ವಾಸನೆ ಅಕ್ಕಿ ಬೇಕು ಅನ್ನುವವರು ಬಾಸುಮತಿ ಅಥವಾ ಇಂದ್ರಾಯಣಿ ಹುಡುಕಿಕೊಂಡು ಬರುತ್ತಾರೆ. ಎಲ್ಲರಿಗೂ "ನಮ್ಮಲ್ಲಿ ಉತ್ತಮ ಅಕ್ಕಿ ದೊರೆಯುತ್ತದೆ" ಎಂದು ಒಂದೇ ಮಾತು ಹೇಳಿದರೆ ಅದು ಯಾರಿಗೂ ಹೇಳಿದಂತೆ ಆಗೂದಿಲ್ಲ. ಹೋಟೆಲಿನವನಿಗೆ ಹೊಸ ಅಕ್ಕಿ ಕೊಟ್ಟರೆ ಅಕ್ಕಿ ಎಷ್ಟೇ ಚಲೋ ಇದ್ದರೂ ಅವನು ಮತ್ತೆ ಬರೂದಿಲ್ಲ, ಬೇರೆಯವರಿಗೂ ಬರಬ್ಯಾಡ್ರಿ ಅಂತಾನೆ.

ಕಾಲವನ್ನೂ ಅರಿಯಬೇಕು. ಗೆಣಸು ಉಪವಾಸದ ಆಹಾರ. ನವರಾತ್ರಿ, ಏಕಾದಶಿ, ಶಿವರಾತ್ರಿ ಬಂತೆಂದರೆ ಬೇಡಿಕೆ ಏರುತ್ತದೆ. ಗೋವಾದಲ್ಲಿ ಶ್ರಾವಣ ಮಾಸದಲ್ಲಿ ಮೀನು ಬಿಡುವ ಮನೆಗಳು ಬಹಳ, ಆಗ ಕಾಯಿಪಲ್ಲೆ ಹೆಚ್ಚು ಬೇಕು. ಗಣೇಶ ಚೌತಿಗೆ ಅಲ್ಲಿ ಮಾಟೊಳಿ ಕಟ್ಟುತ್ತಾರೆ. ಗಣಪತಿಯ ಮೇಲೆ ಹಣ್ಣು, ಕಾಯಿ, ಕಾಡಿನ ಫಲಗಳನ್ನು ತೂಗುಬಿಡುವ ಪದ್ಧತಿ ಅದು. ಡಿಸೆಂಬರದಲ್ಲಿ ಪ್ರವಾಸಿಗರು ಬಂದು ಅಲ್ಲಿಯ ಹೋಟೆಲುಗಳು ತುಂಬುತ್ತವೆ. ಈ ಲೆಕ್ಕ ಪಂಚಾಂಗದಲ್ಲಿಯೇ ಇದೆ. ನಾಟಿ ಮಾಡುವಾಗಲೇ ಅದನ್ನು ನೋಡಿ, ಹಬ್ಬದ 15 ದಿವಸ ಮೊದಲೇ ಗಿರಾಕಿಗೆ ತಿಳಿಸುವವನು ಜಾಣ ವ್ಯಾಪಾರಿ.

ಭಾಷೆಯನ್ನೂ ಅರಿಯಬೇಕು. ನಮ್ಮ ಬೆಳಗಾವಿಯಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಸುತ್ತವೆ, ಘಾಟ ಇಳಿದರೆ ಕೊಂಕಣಿ. ನಮ್ಮ ವ್ಯವಹಾರ, ನಮ್ಮ ದಫ್ತರ ಕನ್ನಡದಲ್ಲಿಯೇ ಇರಲಿ. ಆದರೆ ಕೊಳ್ಳುವ ತಾಯಿಗೆ ಅವಳ ಮನೆಮಾತಿನಲ್ಲಿ ಎರಡು ಸಾಲು ಬರೆದರೆ ನಮ್ಮ ಕನ್ನಡಕ್ಕೆ ಏನೂ ಕಡಿಮೆ ಆಗೂದಿಲ್ಲ.

ಸಹಕಾರಿಗಳಿಂದ ಇದೆಲ್ಲ ಆಗೂದಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಅವರಿಗಾಗಿ ಎರಡು ದಾಖಲೆ ಹೇಳುತ್ತೇನೆ. 1959ರಲ್ಲಿ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಆರಂಭವಾಯಿತು. ಅದೇ ಬೆಳೆದು ಇಂದಿನ ಹಾಪ್‌ಕಾಮ್ಸ್ ಆಗಿದೆ. ಕೊಳ್ಳುವವನ ಓಣಿಗೇ ಮಳಿಗೆ ಒಯ್ದು, ದರದ ಹಲಗೆ ಬರೆದು, ಸರಿಯಾದ ತೂಕ ಕೊಟ್ಟಿದ್ದು ಅದರ ಗುಟ್ಟು.

ಎರಡನೆಯದು ಕ್ಯಾಂಪ್ಕೊ. ಅಡಿಕೆ ಬೆಳೆಗಾರರ ಕಷ್ಟಕಾಲದಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಅದು ಸ್ಥಾಪನೆಯಾಯಿತು. ಮುಂದೆ ಕೋಕೋ ಬೆಳೆದವರಿಗೆ ಸಂಕಟ ಬಂತು. ಜಗತ್ತಿನ ಪೇಟೆಯಲ್ಲಿ ದರ ಬಿದ್ದಾಗ ಕೊಳ್ಳುವವರು ಹಿಂದೆ ಸರಿದರು, ತೋಟದಲ್ಲಿ ಕೋಕೋ ಕೊಳೆಯುವ ಹೊತ್ತು ಬಂತು. ಆಗ ಕ್ಯಾಂಪ್ಕೊ ತಾನೇ ಕೋಕೋ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು. ಇದರಿಂದ ನಾವು ಕಲಿಯಬೇಕಾದ ಪಾಠ ಏನು? ಒಬ್ಬಿಬ್ಬರು ದೊಡ್ಡ ಗಿರಾಕಿಗಳನ್ನೇ ನಂಬಿದರೆ ಅವರು ಕೈಬಿಟ್ಟ ದಿನ ಊರಿಗೇ ಕತ್ತಲು. ಸಣ್ಣ ಗಿರಾಕಿಗಳು ಸಾವಿರಾರು ಇದ್ದರೆ ಒಬ್ಬರು ಹೋದರೂ ಬಾಳು ನಡೆಯುತ್ತದೆ. ಸಾವಿರಾರು ಮಂದಿಯನ್ನು ನೆನಪಿಡುವುದು ಮಾತ್ರ ಒಬ್ಬ ಕಾರ್ಯದರ್ಶಿಯ ತಲೆಯಿಂದ ಆಗುವ ಕೆಲಸವಲ್ಲ. ಯಂತ್ರದ ಮಾತು ಬರುವುದು ಇಲ್ಲಿಯೇ.

ಯಂತ್ರದ ಮಾರಾಟ ಅಂದರೆ ರೋಬೋಟು ಬಂದು ಗೆಣಸು ತೂಗುತ್ತದೆ ಅಂತ ತಿಳಿಯಬ್ಯಾಡ್ರಿ. ಅದು ಒಂದು ಜಾಣ ವಹಿ, ಅಷ್ಟೇ. ನಾವು ವಹಿಯಲ್ಲಿ ಬರೆದಿಟ್ಟರೆ ವಹಿ ತಾನಾಗಿ ಮಾತಾಡೂದಿಲ್ಲ. ಇದು ಮಾತಾಡುತ್ತದೆ. "ಇಂಥವರು ಹೊಸ ಅಕ್ಕಿ ಕೇಳಿದ್ದರು, ಅಕ್ಕಿ ಬಂದಿದೆ, ತಿಳಿಸಿ" ಎಂದು ನೆನಪು ಮಾಡುತ್ತದೆ, ಅಥವಾ ತಾನೇ ಸಂದೇಶ ಕಳಿಸುತ್ತದೆ. ಕೊಂಡ ಮೇಲೆ "ಅನ್ನ ಹ್ಯಾಂಗ ಆಯ್ತು?" ಎಂದು ಕೇಳುತ್ತದೆ. 25 ಕಿಲೋ ಒಯ್ದವರ ಮನೆಯಲ್ಲಿ ಎರಡು ತಿಂಗಳಿಗೆ ಅಕ್ಕಿ ತೀರುತ್ತದೆ ಎಂದು ನಾವು ಗುರುತು ಹಾಕಿದರೆ ಏಳನೆಯ ವಾರಕ್ಕೆ ಅವರಿಗೆ ನೆನಪಿಸುತ್ತದೆ. ಇಂಥ ತಂತ್ರಾಂಶ ಅಮೇರಿಕೆಯಿಂದಲೇ ಬರಬೇಕೆಂದೇನೂ ಇಲ್ಲ. ಶ್ರೀಧರ ವೆಂಬು ಅವರು ಕಟ್ಟಿದ ಜೋಹೋ ಕಂಪನಿ ತಮಿಳುನಾಡಿನ ತೆಂಕಾಶಿ ಹತ್ತಿರದ ಹಳ್ಳಿಯಲ್ಲಿ ಕಚೇರಿ ಇಟ್ಟು, ಹಳ್ಳಿಯ ಹುಡುಗರಿಗೆ ಕಲಿಸಿ, ಗ್ರಾಹಕರ ಲೆಕ್ಕ ಇಡುವ ತಂತ್ರಾಂಶಗಳನ್ನು ಜಗತ್ತಿಗೆ ಮಾರುತ್ತಿದೆ. ಹಳ್ಳಿಯಾಗ ಕುಂತು ಮಾಡಿ ಮಾರುವವರು ಇದ್ದಾರೆ ಅಂದ ಮ್ಯಾಲೆ ಹಳ್ಳಿಯಾಗ ಕುಂತು ಬಳಸೂದು ನಮಗೆ ದೊಡ್ಡದಲ್ಲ.

ಆದರೆ ಮೊದಲ ದಿವಸವೇ ದುಡ್ಡು ಸುರಿದು ತಂತ್ರಾಂಶ ಕೊಳ್ಳುವುದು ನನ್ನ ಸಲಹೆಯಲ್ಲ. ಮೊದಲು ಒಂದು ನೂರು ಪುಟದ ವಹಿ ಸಾಕು. ಐದು ಕಲಮು ಹಾಕ್ರಿ: ಹೆಸರು, ಫೋನ್ ನಂಬರು, ಏನು ಕೇಳಿದರು, ಯಾವಾಗ ಬೇಕು, ಯಾವ ಭಾಷೆ. ವಹಿ ಬರೆಯುವ ರೂಢಿ ಇಲ್ಲದ ಸಂಘಕ್ಕೆ ಯಂತ್ರ ಬಂದರೆ ಖಾಲಿ ಬಾವಿಗೆ ಪಂಪು ಕೂಡಿಸಿದಂತೆ.

ಮೂರು ತಿಂಗಳು ವಹಿ ನಡೆದ ಮೇಲೆ ಎರಡನೆಯ ಮೆಟ್ಟಿಲು. 2018ರಿಂದ ವಾಟ್ಸಾಪಿನಲ್ಲಿ ವ್ಯಾಪಾರಿಗಳಿಗಾಗಿಯೇ ಬೇರೆ ಆ್ಯಪ್ ಇದೆ. ಸಣ್ಣ ವ್ಯಾಪಾರಕ್ಕೆ ಅದನ್ನು ಇಳಿಸಿಕೊಳ್ಳಲು ದುಡ್ಡಿಲ್ಲ. ಅದರಲ್ಲಿ ಮಾಲಿನ ಫೋಟೋ, ದರ ಹಾಕಬಹುದು. ಗಿರಾಕಿಗಳಿಗೆ ಬಣ್ಣದ ಚೀಟಿ ಅಂಟಿಸಬಹುದು, "ಹೊಸದಾಗಿ ಕೇಳಿದವರು", "ಹಳೆ ಅಕ್ಕಿಯವರು", "ಹೋಟೆಲಿನವರು" ಎಂದು. ಕಚೇರಿ ಮುಚ್ಚಿದ ಮೇಲೆ ಯಾರಾದರೂ ಕೇಳಿದರೆ "ಮುಂಜಾನೆ ಕಚೇರಿ ತೆರೆದ ಮೇಲೆ ಉತ್ತರಿಸುತ್ತೇವೆ" ಎಂದು ತಾನಾಗಿ ಉತ್ತರ ಹೋಗುವಂತೆ ಮಾಡಬಹುದು. ನಮ್ಮ ಸದಸ್ಯರ ಮನೆಗಳಲ್ಲಿ ಪಿಯುಸಿ, ಬಿ.ಕಾಂ. ಓದಿದ ಹೆಣ್ಣುಮಕ್ಕಳು, ಸೊಸೆಯಂದಿರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಇದು ಎರಡು ದಿನದ ಕಲಿಕೆ. ಗಿರಾಕಿ ಸಾವಿರ ದಾಟಿದಾಗ ಮೂರನೆಯ ಮೆಟ್ಟಿಲಿನ ತಂತ್ರಾಂಶದ ವಿಚಾರ ಮಾಡೋಣ.

ಯಂತ್ರ ಎಲ್ಲಿ ನಿಲ್ಲಬೇಕು ಎಂಬುದನ್ನೂ ಹೇಳಬೇಕು. ನೆನಪು ಮಾಡೂದು, ದರ ತಿಳಿಸೂದು, ರಸೀದಿ ಕಳಿಸೂದು ಯಂತ್ರದ ಕೆಲಸ. ಆದರೆ "ಅಕ್ಕಿಯಾಗ ಹುಳ ಬಂದದ" ಎಂದು ಒಬ್ಬ ತಾಯಿ ಬರೆದಾಗ "ತಮ್ಮ ಸಂದೇಶಕ್ಕೆ ಧನ್ಯವಾದಗಳು" ಎಂದು ಯಂತ್ರ ಉತ್ತರ ಕೊಟ್ಟರೆ ಗಾಯದ ಮೇಲೆ ಉಪ್ಪು ಸವರಿದಂತೆ. ಅಂಥ ಹೊತ್ತಿನಲ್ಲಿ ಮನುಷ್ಯನೇ ಫೋನ್ ಎತ್ತಬೇಕು, ಆಗುವುದಾದರೆ ಚೀಲ ಬದಲಿಸಿ ಕೊಡಬೇಕು. ಹಾಗೆಯೇ ಮಾಲು ತೀರಿದ ಮೇಲೂ "ಬನ್ನಿ ಕೊಳ್ಳಿ" ಎಂಬ ಸಂದೇಶ ಹೋಗುತ್ತಿದ್ದರೆ, ಅದನ್ನು ನಂಬಿ ಗಾಡಿ ತಗೊಂಡು ಬಂದವನು ಮತ್ತೆ ನಮ್ಮ ಮಾತು ನಂಬೂದಿಲ್ಲ.

ಇನ್ನೊಂದು ಎಚ್ಚರಿಕೆ. ಊಟದ ಹೊತ್ತಿಗೆ "ಸಾಲ ಬೇಕೇನ್ರಿ, ನಿವೇಶನ ಬೇಕೇನ್ರಿ" ಎಂದು ಬರುವ ಕರೆಗಳಿಂದ ನಾವೆಲ್ಲ ಬೇಸತ್ತಿದ್ದೇವೆ. ಅದೇ ಕಾಟ ನಾವು ಬೇರೆಯವರಿಗೆ ಕೊಡಬಾರದು. ಇದಕ್ಕೆ ನಿಯಮಗಳೂ ಇವೆ. ವ್ಯಾಪಾರದ ಕರೆ, ಸಂದೇಶ ಬೇಡ ಅನ್ನುವವರು 1909 ನಂಬರಿಗೆ ತಿಳಿಸಿ ನೋಂದಾಯಿಸಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ ಸಗಟು ಎಸ್ಸೆಮ್ಮೆಸ್ ಕಳಿಸುವ ಸಂಸ್ಥೆ ಮೊದಲು ನೋಂದಣಿ ಮಾಡಿಸಬೇಕು. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯನ್ನೂ ಮಾಡಿದೆ. ಅದರ ತಿರುಳು ನಮ್ಮ ಹಿರಿಯರ ನೀತಿಯೇ: ಕೇಳಿ ತಗೊಳ್ರಿ, ಯಾವುದಕ್ಕೆ ಕೇಳಿದಿರೋ ಅದಕ್ಕೇ ಬಳಸ್ರಿ. ಆದ್ದರಿಂದ ವಹಿಯಲ್ಲಿ ಆರನೆಯ ಕಲಮು ಒಂದು ಇರಲಿ: "ಸಂದೇಶ ಕಳಿಸಲು ಒಪ್ಪಿದ್ದಾರೆಯೇ?" ಬೇಡ ಅಂದವರ ಹೆಸರನ್ನು ಅಂದೇ ತೆಗೆಯಬೇಕು.

ಬಾಂಧವರೇ, ಈಗ ಹೇಳುವುದು ಎಲ್ಲಕ್ಕಿಂತ ಮುಖ್ಯವಾದದ್ದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಕೇಂದ್ರ ಸರಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಲೆಕ್ಕಪತ್ರ ಚೊಕ್ಕಟವಾಗುತ್ತದೆ, ಬಹಳ ಒಳ್ಳೆಯದು. ಆದರೆ ಸಂಘದ ಕಂಪ್ಯೂಟರಿನಲ್ಲಿ ಏನಿದೆ ಎಂಬುದನ್ನು ಯೋಚಿಸಿರಿ. ಯಾರ ಸಾಲ ಎಷ್ಟು, ಯಾರ ಕಂತು ತಪ್ಪಿದೆ, ಯಾರು ಬಂಗಾರ ಅಡವಿಟ್ಟಿದ್ದಾರೆ, ಯಾರ ಹೊಲ ಹೆದ್ದಾರಿಗೆ ಹತ್ತಿದೆ. ಈ ಮಾಹಿತಿ ಹೊರಗೆ ಹೋದರೆ ಬಂಗಾರದ ಬೆಲೆ ಕೊಡುವವರು ಇದ್ದಾರೆ. ಹೆದ್ದಾರಿ ಬದಿಯ ಭೂಮಿಗೆ ಎಷ್ಟು ಕಣ್ಣುಗಳಿವೆ ಎಂಬುದು ನಿಮಗೆ ನನಗಿಂತ ಚಲೋ ಗೊತ್ತು. ಕಂತು ಕಟ್ಟಲಾಗದೆ ಒದ್ದಾಡುವ ರೈತನ ಹೆಸರು ಒಬ್ಬ ದಲ್ಲಾಳಿಯ ಕೈಗೆ ಸಿಕ್ಕರೆ ಮರುದಿವಸವೇ ಅವನ ಬಾಗಿಲಿಗೆ ಕಾರು ಬಂದು ನಿಲ್ಲುತ್ತದೆ. ಆದ್ದರಿಂದ ಸದಸ್ಯರ ಖಾತೆಯ ಕಂಪ್ಯೂಟರು ಬೇರೆ, ಗಿರಾಕಿಗಳ ವಹಿ ಬೇರೆ ಇರಬೇಕು. ಒಂದರ ಮಾಹಿತಿ ಇನ್ನೊಂದಕ್ಕೆ ಹೋಗಬಾರದು. ಯಾವ ಕಂಪನಿಯವರು ಬಂದು "ಪುಕ್ಕಟೆ ತಂತ್ರಾಂಶ ಕೊಡತೀವಿ, ಸದಸ್ಯರ ಯಾದಿ ಕೊಡ್ರಿ" ಅಂದರೂ ಆಡಳಿತ ಮಂಡಳಿ ಒಪ್ಪಬಾರದು. ಪುಕ್ಕಟೆ ಕೊಡುವವನು ಬೆಲೆಯನ್ನು ಬೇರೆ ಎಲ್ಲಿಯೋ ವಸೂಲು ಮಾಡುತ್ತಾನೆ.

ಈ ಹಿನ್ನೆಲೆಯಲ್ಲಿ ಮಹಾಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇನೆ. ಒಂದು, ಸಂಘದ ಕೌಂಟರಿನಲ್ಲಿ ಇಂದಿನಿಂದಲೇ ಕೇಳಿ ಹೋದವರ ವಹಿ ಆರಂಭಿಸಬೇಕು. ಎರಡು, ಮಹಿಳಾ ಸ್ವಸಹಾಯ ಗುಂಪಿನ ಇಬ್ಬರಿಗೆ ಈ ಕೆಲಸ ಕಲಿಸಿ, ಗೌರವಧನ ಕೊಟ್ಟು ಜವಾಬ್ದಾರಿ ವಹಿಸಬೇಕು. ಮೂರು, ಮೊದಲ ವರ್ಷ ಅಕ್ಕಿ ಮತ್ತು ಗೆಣಸು ಎರಡೇ ಮಾಲು ಇಟ್ಟುಕೊಂಡು ಪ್ರಯೋಗ ಮಾಡಬೇಕು. ನಾಲ್ಕು, ವರ್ಷದ ಕೊನೆಗೆ ಮೂರು ಅಂಕಿ ವಾರ್ಷಿಕ ವರದಿಯಲ್ಲಿ ಅಚ್ಚಾಗಬೇಕು: ಎಷ್ಟು ಮಂದಿ ಕೇಳಿದರು, ಎಷ್ಟು ಮಂದಿ ಕೊಂಡರು, ಎಷ್ಟು ಮಂದಿ ಎರಡನೆಯ ಸಲ ಬಂದರು. ಮೂರನೆಯ ಅಂಕಿಯೇ ನಮ್ಮ ನಿಜವಾದ ಪರೀಕ್ಷೆ. ಮೊದಲ ಸಲ ಜಾಹೀರಾತು ನೋಡಿ ಬರುತ್ತಾರೆ, ಎರಡನೆಯ ಸಲ ರುಚಿ ಮತ್ತು ನಂಬಿಕೆಯಿಂದ ಬರುತ್ತಾರೆ.

ಮಾಲು ಚಲೋ ಇರದಿದ್ದರೆ ಯಾವ ಯಂತ್ರವೂ ನಮ್ಮನ್ನು ಉಳಿಸೂದಿಲ್ಲ ಎಂಬುದನ್ನು ಮರೆಯಬಾರದು. ಚೀಲದ ಮೇಲೆ ಚಲೋ ಗೆಣಸು, ಕೆಳಗೆ ಬೇರು ಮಣ್ಣು ತುಂಬಿದರೆ ಸಂದೇಶ ಕಳಿಸಿದಷ್ಟೂ ನಮ್ಮ ಅಪಕೀರ್ತಿಯೇ ಹರಡುತ್ತದೆ. ಯಂತ್ರ ಒಳ್ಳೆಯದನ್ನೂ ಬೇಗ ಮುಟ್ಟಿಸುತ್ತದೆ, ಕೆಟ್ಟದ್ದನ್ನೂ ಬೇಗ ಮುಟ್ಟಿಸುತ್ತದೆ. ತೂಕ, ಮಾತು, ಮಾಲು ಈ ಮೂರನ್ನೂ ಸದಸ್ಯರಾದ ನೀವು ಕಾಯಬೇಕು. ಗಿರಾಕಿಯ ನೆನಪನ್ನು ಸಂಘ ಕಾಯುತ್ತದೆ.

ನಮ್ಮ ಮಕ್ಕಳು ಹೊನಗಾದ ಕಾರ್ಖಾನೆಗೆ, ಪುಣೆಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಹೋಗಲಿ, ತಪ್ಪೇನಿಲ್ಲ. ಆದರೆ ಊರಾಗ ಉಳಿದು ಒಕ್ಕಲುತನ ಮಾಡುತ್ತೇನೆ ಅನ್ನುವ ಹುಡುಗನಿಗೆ "ನಿನ್ನ ಮಾಲಿಗೆ ಗಿರಾಕಿ ಇದ್ದಾರೆ, ಅವರ ಹೆಸರು ಈ ವಹಿಯಲ್ಲಿದೆ" ಎಂದು ಹೇಳುವ ಶಕ್ತಿ ಈ ಸಂಘಕ್ಕೆ ಬರಬೇಕು. ಕಳೆದ 25 ವರ್ಷ ಸಂಘ ನಮಗೆ ಸಾಲ ಕೊಟ್ಟು ಕೈ ಹಿಡಿಯಿತು. ಮುಂದಿನ 25 ವರ್ಷ ಗಿರಾಕಿಯನ್ನು ಕೊಟ್ಟು ಕೈ ಹಿಡಿಯಲಿ ಎಂದು ಹಾರೈಸುತ್ತೇನೆ.



ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.